ಮುಂದಕ್ಕೆ ಬಾಗಿದ ಬೆಂಚು

ಬೆಂಚು, ಮೇಜು, ಸ್ಟೂಲುಗಳನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು ಎಂಬ ಜ್ಞಾನ ಅವಳ ಗಂಡನಿಗೆ ಕಾಫಿ ಕುಡಿಯುತ್ತಿರುವಾಗ ಉದಯವಾಯಿತು. ಅಲ್ಲಿಯವರೆಗೆ ಆತ ಆ ಮನೆಯಲ್ಲಿ ಹೊಡೆದದ್ದು ಒಂದೇ ಒಂದು ಮೊಳೆ. ಅದೂ ಕ್ಯಾಲೆಂಡರಿನ ಭಾರ ತಾಳಲಾರದೆ ಕೆಳಗಿಳಿದು ಬಂದಿತ್ತು.

"ಬೆಂಚು ಅಂದ್ರೆ ಏನೇ? ನಾಲ್ಕು ಕಾಲು, ಮೇಲೊಂದು ಹಲಗೆ. ಇದಕ್ಕೆ ಬಡಗಿ ಯಾಕೆ ಬೇಕು?"

"ಬೇಡ್ವೇ ಬೇಡ ರೀ," ಎಂದಳು ಅವಳು, ಬೀನ್ಸಿನ ನಾರು ತೆಗೆಯುತ್ತ.

ತಡೆಯದೆ ಇದ್ದುದಕ್ಕೆ ಕಾರಣವಿತ್ತು. ಹಾಲ್‌ನಲ್ಲಿದ್ದ ಹಳೆಯ ಸೋಫಾ ಹೊಟ್ಟೆಯೊಳಗಿನ ಸ್ಪ್ರಿಂಗುಗಳನ್ನೆಲ್ಲ ಕಳೆದುಕೊಂಡು ಹಳ್ಳವಾಗಿತ್ತು. ಮಂಡಿನೋವಿನ ಅತ್ತೆ ಅದರಲ್ಲಿ ಒಮ್ಮೆ ಕುಳಿತರೆಂದರೆ ಮುಗಿಯಿತು. ಕಳೆದ ಬಾರಿ ಭಾವ ಬಂದಿದ್ದಾಗ, "ಅಮ್ಮನ್ನ ಎಳೀರೋ, ಎಳೀರೋ" ಎಂದು ನಗುತ್ತ, ಬಾವಿಯಿಂದ ಕೊಡ ಸೇದಿದಂತೆ ತಾಯಿಯನ್ನು ಮೇಲೆತ್ತಿದ್ದರು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆಮೇಲೆ ಅವರು ಹಾಲ್‌ಗೆ ಬರುವುದನ್ನೇ ಬಿಟ್ಟರು. ಯಾರಾದರೂ ಬಂದರೆ "ನಿದ್ದೆ ಬರ್ತಿದೆ" ಎಂದು ಒಳಗಿನ ಕೋಣೆಗೆ ಹೋಗಿ, ಪರದೆಯ ಹಿಂದೆ ಎತ್ತರದ ಮಂಚದ ಅಂಚಿನಲ್ಲಿ ಕುಳಿತು ಮಾತು ಕೇಳಿಸಿಕೊಳ್ಳುತ್ತಿದ್ದರು. ಬಟ್ಟೆ ಮಡಿಸಿಡಲು ಹೋದ ಸೊಸೆ ಅದನ್ನು ಕಂಡಿದ್ದಳು. ಕಂಡೂ ಕಾಣದಂತೆ ಬಂದಿದ್ದಳು. ಅವರು ಯಾರ ಕೈಯನ್ನೂ ಕೇಳದೆ ಹಾಲ್‌ನಲ್ಲಿ ಕುಳಿತು ಏಳುವಂತಾದರೆ, ಗಂಡ ಮನೆಯನ್ನೆಲ್ಲ ಮರದ ಪುಡಿ ಮಾಡಿದರೂ ಅವಳಿಗೆ ಒಪ್ಪಿಗೆಯಿತ್ತು.

ಅವನು ಮಾಡಿದ್ದೂ ಅದನ್ನೇ. ಫ್ರಿಜ್ ಅಂಗಡಿಯ ಹಿಂದೆ ಎಸೆದಿದ್ದ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಪುಕ್ಕಟೆಯಾಗಿ ಬಂತು. ಗರಗಸ ಪಕ್ಕದ ಮನೆಯಿಂದ ಬಂತು. ಅಳತೆ ಟೇಪು ಮಾತ್ರ ಸ್ವಂತದ್ದು, ಅವಳ ಹೊಲಿಗೆ ಡಬ್ಬಿಯದು. ಆ ಟೇಪಿನ ಮೊದಲ ಮೂರು ಇಂಚನ್ನು ಹೊಲಿಗೆ ಯಂತ್ರ ಎಂದೋ ನುಂಗಿತ್ತು. ಬೇಕಾದ ಅಳತೆಗೆ ಮನಸ್ಸಿನಲ್ಲೇ ಮೂರು ಸೇರಿಸಿ ಗುರುತು ಹಾಕಬೇಕು ಎಂಬುದು ಆ ಮನೆಯ ಕಾನೂನು. ಹೊಸ ಟೇಪು ಕೊಳ್ಳಬಹುದು ಎಂಬುದು ಮಾತ್ರ ಇಷ್ಟು ವರ್ಷಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಎರಡು ಕಾಲುಗಳನ್ನು ಅವನೇ ಅಳೆದು ಕೊಯ್ದ. ಅಷ್ಟರಲ್ಲಿ ಬೆರಳಿಗೆ ಸಿಬಿರು ಚುಚ್ಚಿತು. ಯುದ್ಧದಲ್ಲಿ ಗಾಯಗೊಂಡವನಂತೆ ಸೋಫಾದಲ್ಲಿ ಒರಗಿ, "ಹಿಂದಿನ ಕಾಲಿಗೆ ನೀನೇ ಗುರುತು ಹಾಕು. ಇಪ್ಪತ್ತೊಂದು" ಎಂದ. ಅವಳು ಒಲೆ ಸಣ್ಣಗೆ ಮಾಡಿ ಬಂದು, ಗುರುತು ಹಾಕಿ ಹೋದಳು.

ಬೆಂಚು ಎದ್ದು ನಿಂತಿತು. ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಅವನು ಅದನ್ನು ಕನ್ನಡಿ ಮಾಡಿದ್ದ. ಭಾನುವಾರ ಭಾವ ಬಂದರು. ಅವರು ಬಂದರೆ ಸಾಮಾನ್ಯವಾಗಿ ಜಗತ್ತಿನ ಕಷ್ಟಗಳೆಲ್ಲ ಪರಿಹಾರವಾಗುವವರೆಗೆ ಏಳುತ್ತಿರಲಿಲ್ಲ. ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು, "ನೋಡು ತಮ್ಮಾ, ಈ ದೇಶ" ಎನ್ನುವಷ್ಟರಲ್ಲಿ ನಾಲ್ಕು ಬೆರಳು ಮುಂದೆ ಜಾರಿದ್ದರು. ಹಿಂದೆ ಸರಿದು ಕುಳಿತರು. ಮತ್ತೆ ಜಾರಿದರು. ದೇಶದ ಉದ್ಧಾರ ಅರ್ಧದಲ್ಲೇ ನಿಂತಿತು.

"ಇದು ಬೆಂಚಲ್ಲಪ್ಪ, ಜಾರುಬಂಡಿ," ಎಂದು ಎದ್ದು ನಿಂತರು.

"ಬೆಂಚು ಸರಿಯಾಗಿದೆ ಅಣ್ಣ. ನೆಲ ಇಳಿಜಾರು."

ಪರದೆಯ ಹಿಂದಿನಿಂದ, ನಿದ್ದೆಯಲ್ಲಿದ್ದ ಅತ್ತೆಯ ದನಿ ಬಂತು: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಗಂಡ ಟೇಪು ತಂದು ಹಿಂದಿನ ಕಾಲು ಅಳೆದ. ಮುಂದಿನದು ಅಳೆದ. ಹೆಂಡತಿಯ ಮುಖ ನೋಡಿದ.

"ಇಪ್ಪತ್ತೊಂದು ಅಂದೆನಲ್ಲೇ?"

"ಹೌದು ರೀ. ಅದಕ್ಕೆ ಮೂರು ಸೇರಿಸಿದೆ."

"ನಾನು ಸೇರಿಸಿಯೇ ಹೇಳಿದ್ದು ಕಣೆ. ಬೇಕಿದ್ದದ್ದು ಹದಿನೆಂಟು."

"ಸೇರಿಸೋದು ಯಾವಾಗ್ಲೂ ನಾನೇ ಅಲ್ವಾ?"

ಅವನು ಹೋಗಿ ಗರಗಸ ತಂದ. "ಹಿಂದಿನದನ್ನ ಮೂರು ಇಂಚು ಕೊಯ್ದರೆ ಆಯ್ತು."

"ಕೊಯ್ಯಿ, ಕೊಯ್ಯಿ," ಎಂದರು ಭಾವ. "ಆಮೇಲೆ ಮುಂದಿನದು ಉದ್ದ ಅನ್ನಿಸುತ್ತೆ. ಕೊನೆಗೆ ಮಣೆ ಆದಾಗ ಹೇಳು, ಊಟಕ್ಕೆ ಬರ್ತೀನಿ."

ಭಾವನ ನಗುವಿನ ನಡುವೆ ಪರದೆ ಸರಿಯಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದು, ಮಗನ ಪ್ರತಾಪವನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಎರಡೂ ಪಾದ ನೆಲಕ್ಕೆ ಊರಿ, ಅದರ ಮೇಲೆ ಕುಳಿತರು. ಜಾರಲಿಲ್ಲ. ಕಾಲ ಮೇಲೆ ಕಾಲು ಹಾಕುವ ಭಾಗ್ಯ ಅವರ ಮಂಡಿಗಳಿಗೆ ಎಂದೋ ತಪ್ಪಿಹೋಗಿತ್ತು.

ಸೊಸೆಗೆ ಚಿಂತೆ ಹತ್ತಿತು. ಕುಳಿತದ್ದೇನೋ ಆಯಿತು, ಏಳುವುದು? ಭಾವನ ಮುಂದೆ ಇನ್ನೊಮ್ಮೆ ಕೊಡ ಸೇದುವ ಆಟ ನಡೆದರೆ ಅತ್ತೆ ಇನ್ನು ಆ ಪರದೆ ದಾಟುವುದಿಲ್ಲ. ಏನೂ ತೋಚದೆ ಕಾಫಿ ತಂದುಕೊಟ್ಟಳು. ಅತ್ತೆ ನಿಧಾನವಾಗಿ ಕುಡಿದರು. ಹಿರಿಮಗನಿಗೆ ಹೊಟ್ಟೆ ಬಂದಿದೆ ಎಂದರು. ಬಹಳ ದಿನಗಳಿಂದ ಕೂಡಿಟ್ಟಿದ್ದ ಮಾತುಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಲೋಟ ಖಾಲಿಯಾಯಿತು.

ಭಾವ ಅಭ್ಯಾಸಬಲದಿಂದ ನಗುತ್ತ ಮುಂದೆ ಬಂದು ಕೈ ಚಾಚಿದರು. "ಬಾಮ್ಮ, ಎಳೀತೀನಿ."

ಅತ್ತೆ ಸ್ವಲ್ಪ ಮುಂದಕ್ಕೆ ಬಾಗಿದರು. ಉಳಿದದ್ದನ್ನು ಬೆಂಚು ನೋಡಿಕೊಂಡಿತು. ಅವರು ಎದ್ದು ನಿಂತಿದ್ದರು. ತಮಗೇ ನಂಬಿಕೆ ಬಾರದೆ ಮತ್ತೆ ಕುಳಿತರು, ಮತ್ತೆ ಎದ್ದರು. ಭಾವನ ಕೈ ಹಿಡಿಯುವವರಿಲ್ಲದೆ ಗಾಳಿಯಲ್ಲೇ ಇತ್ತು.

ಗಂಡ ಗರಗಸ ಹಿಡಿದು ಬೆಂಚಿನ ಹಿಂದೆ ಕುಕ್ಕರಿಸಿದ್ದ. "ಸ್ವಲ್ಪ ಸರಿಯಮ್ಮ, ಸರಿ ಮಾಡಿಬಿಡ್ತೀನಿ."

"ಮೊದಲ ಸಲ ಏನೋ ಒಂದು ಸರಿಯಾಗಿ ಮಾಡಿದ್ದೀಯ," ಎಂದರು ಅತ್ತೆ. "ಅದನ್ನೂ ಕೆಡಿಸಬೇಡ. ಪಕ್ಕದ ಮನೆಯವರ ಗರಗಸ ಅವರಿಗೆ ಕೊಟ್ಟು ಬಾ."

ಆಮೇಲೆ, ಚಾಚಿಕೊಂಡೇ ಇದ್ದ ಹಿರಿಮಗನ ಕೈಯಲ್ಲಿ ಖಾಲಿ ಲೋಟವಿಟ್ಟರು.

"ನಿಂತೇ ಇದ್ದೀಯಲ್ಲ, ಇದನ್ನ ತೊಳೆದಿಡು."

ಸೊಸೆ ನಗು ಕಾಣಿಸಬಾರದೆಂದು ಟೇಪು ಸುತ್ತಿಕೊಂಡು, ಹೊಲಿಗೆ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋದಳು. ಮಂಚದ ಅಂಚು ಖಾಲಿಯಿತ್ತು. ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿ ಕಟ್ಟಿದಳು.