ಹೆಬ್ಬೆರಳಿನ ಉಗುರು

“ಕರಿ ಅಂದ್ರೆ ಕರಿ! ಇನ್ನು ಎಂತ ಸಾವು ನೋಡ್ಲಿಕ್ಕೆ ಉಂಟು ನಿಂಗೆ? ಬುಟ್ಟಿ ಸುರಿ, ಇಲ್ಲದಿದ್ರೆ ಎತ್ತಿಕೊಂಡು ನಡಿ. ಬೆಳಿಗ್ಗೆ ಬೆಳಿಗ್ಗೆ ನನ್ನ ಮಂಡೆ ತಿನ್ನಬೇಡ, ಬೇವರ್ಸಿ ಮುದುಕಿ!”

“ನಿನ್ನೆಯ ಗುಡುಗಿಗೆ ಎದ್ದದ್ದು ಧನಿ. ಬೆಳಕು ಹರಿಯುವಾಗ ಕೆದಕಿ ತಂದದ್ದು. ಕರಿ ಆಗ್ಲಿಕ್ಕೆ ಅದಕ್ಕೂ ಒಂದೆರಡು ದಿನ ಬೇಡ್ವಾ?”

“ಹಾಗಾದ್ರೆ ಹುಕ್ರ ಸುಳ್ಳು ಹೇಳ್ತಾನಾ? ನಿಮ್ಮವನೇ ಅಲ್ವಾ ಅವ? ನಿಮ್ಮ ಮಲೆಯಲ್ಲೇ ಹುಟ್ಟಿದವ. ಏಯ್ ಹುಕ್ರಾ, ಹೇಳು ಇವಳಿಗೆ!” ಎಂದು ಅಂಗಡಿಯ ಶೀನಪ್ಪ ಹಣದ ಗಲ್ಲೆಯ ಹಿಂದಿನಿಂದ ಕೂಗಿದ.

ಜಗಲಿಯ ತುದಿಯಲ್ಲಿ ಮಣೆ ಹಾಕಿ ಕುಳಿತಿದ್ದ ಹುಕ್ರಪ್ಪ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಲ್ಲಣಬೆಯ ಎರಡು ಹೋಳುಗಳನ್ನು ಮುಂದೆ ಚಾಚಿದ. ಬಿಳಿಯ ತಿರುಳಿನ ಮೇಲೆ ಮಸಿ ಎಳೆದ ಹಾಗೆ ಕಪ್ಪು ಕಾಣುತ್ತಿತ್ತು.

“ಕರಿ” ಎಂದ.

ಬಾಗಿ ಎಂಬ ಆ ಅಜ್ಜಿ ಅವನ ಮುಖವನ್ನೇ ನೋಡಿದಳು. “ನಿನ್ನ ನಾಲಿಗೆಗೆ ಹುಳ ಬೀಳ್ಲಿ” ಎಂದು ಬುಟ್ಟಿಯನ್ನು ಸುರಿದಳು. ಸುರಿಯದೆ ಮಾಡುವುದೇನು? ಬೆಳ್ತಂಗಡಿಗೆ ಹೋಗುವ ಬಸ್ಸು ಹೊರಟುಹೋಗಿತ್ತು. ಕಲ್ಲಣಬೆ ಸಂಜೆಯವರೆಗೆ ಕಾಯುವ ಸರಕಲ್ಲ. ನೆರಿಯ ಊರಿನಲ್ಲಿ ಅದನ್ನು ಕೊಳ್ಳುವವನು ಶೀನಪ್ಪ ಒಬ್ಬನೇ.

ಕಲ್ಲಣಬೆ ನೋಡಲಿಕ್ಕೆ ಮಣ್ಣು ಮೆತ್ತಿದ ಸಣ್ಣ ಕಲ್ಲು. ಮಳೆಗಾಲದ ಮೊದಲ ಗುಡುಗಿಗೆ ಕಾಡಿನ ಮರಗಳ ಬುಡದಲ್ಲಿ ಮಣ್ಣಿನೊಳಗೆ ಮೂಡುತ್ತದೆ. ಎಳೆಯದರ ಒಳಗು ತೆಂಗಿನಕಾಯಿಯ ಹಾಗೆ ಬಿಳಿ. ಅದಕ್ಕೆ ಮೂಡುಬಿದಿರೆಯ ಹೋಟೆಲಿನವರು ಹೇಳಿದ ಬೆಲೆ ಕೊಡುತ್ತಾರೆ. ಬಲಿತದ್ದರ ಒಳಗೆ ಬರೀ ಕಪ್ಪು ಪುಡಿ, ನಾಯಿಯೂ ಮೂಸುವುದಿಲ್ಲ. ಹೊರಗಿನಿಂದ ಎರಡೂ ಒಂದೇ. ಒಡೆದರೆ ಮಾತ್ರ ಗೊತ್ತಾಗುವುದು. ಒಡೆಯಲಿಕ್ಕೆಂದೇ ಹುಕ್ರಪ್ಪ ಎರಡೂ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದ. ಪ್ರತಿ ಬುಟ್ಟಿಯಿಂದ ಐದು ಹೆಕ್ಕಿ ಒಡೆಯಬೇಕು. ಐದರಲ್ಲಿ ಎರಡು ಕರಿಯಾದರೆ ಇಡೀ ಬುಟ್ಟಿಗೆ ಕಾಲು ಬೆಲೆ.

ಎಡಗೈಯ ಉಗುರು ಯಾವಾಗಲೂ ಶುಭ್ರ. ಬಲಗೈಯ ಉಗುರಿನ ಸಂದಿನಲ್ಲಿ ಬಲಿತ ಅಣಬೆಯ ಕಪ್ಪು ಪುಡಿ ತುಂಬಿರುತ್ತಿತ್ತು. ಆ ಉಗುರು ಹಾಕಿ ಒಡೆದರೆ ಎಂಥಾ ಎಳೆಯದೂ ಕರಿಯಾಗಿ ಕಾಣುತ್ತದೆ. ಒಡೆದದ್ದನ್ನು ಒಮ್ಮೆ ತೋರಿಸಿ ಬಕೆಟಿಗೆ ಬಿಸಾಡಿದರೆ ಮುಗಿಯಿತು, ಉಜ್ಜಿ ನೋಡುವವರು ಯಾರು? ಗಲ್ಲೆಯಲ್ಲಿ ಕೂತ ಶೀನಪ್ಪ ಸುಮ್ಮನಿದ್ದರೆ ಎಡಗೈ. ಕೆಮ್ಮಿದರೆ ಬಲಗೈ. ‘ಕರಿ’ ಎಂದು ಕೊಂಡ ಬುಟ್ಟಿಗಳೆಲ್ಲ ಹಿತ್ತಿಲಲ್ಲಿ ಮಣ್ಣು ತೊಳೆಸಿಕೊಂಡು, ‘ಬಿಳಿ’ಯ ಬೆಲೆಗೇ ಮೂಡುಬಿದಿರೆಗೆ ಹೋಗಲು ಹನೀಫಾನ ಗೂಡ್ಸ್ ರಿಕ್ಷಾ ಹತ್ತುತ್ತಿದ್ದವು.

ನಾಲ್ಕು ವರ್ಷದ ಕೆಳಗೆ ಹುಕ್ರಪ್ಪ ಜೇನಿನ ಮರದಿಂದ ಬಿದ್ದು ಮಂಡಿ ಚೂರು ಮಾಡಿಕೊಂಡಿದ್ದ. ಮಲೆ ಹತ್ತಲಾಗದವನಿಗೆ ಮಲೆಯಲ್ಲಿ ಎಂತ ಕೆಲಸ? “ಕಾಲು ಹೋದ್ರೆ ಹೋಗ್ಲಿ ಮಾರಾಯ, ಉಗುರು ಉಂಟಲ್ಲ” ಎಂದು ಶೀನಪ್ಪ ಕರೆದು ಕೂರಿಸಿದ. ಮಣೆ ಜಗಲಿಯ ತುದಿಗೆ, ಸೂರಿನ ನೀರು ಬೀಳುವಲ್ಲಿ. ಚಾ ಬಂದರೆ ಹನೀಫಾನಿಗೆ ಗಾಜಿನ ಗ್ಲಾಸು, ಇವನಿಗೆ ಪೇಪರ್ ಗ್ಲಾಸು. ಅದನ್ನೇ ತೊಳೆದಿಟ್ಟುಕೊಂಡು ಮರುದಿನಕ್ಕೂ ಚಾಚಬೇಕು.

ಹೊಟ್ಟೆ ತುಂಬುತ್ತಿತ್ತು. ಅದನ್ನು ಇಲ್ಲ ಎನ್ನುವಂತಿಲ್ಲ.

ಹೋದ ವರ್ಷ ಇದೇ ಜಗಲಿಗೆ ತಮ್ಮ ನೋಣಯ್ಯ ಬುಟ್ಟಿ ತಂದಿದ್ದ. ಶೀನಪ್ಪ ಕೆಮ್ಮಿದ. ಹುಕ್ರಪ್ಪ ಬಲಗೈಯಲ್ಲಿ ಒಡೆದ. ನೋಣಯ್ಯ ಹೋಳುಗಳನ್ನು ನೋಡಲಿಲ್ಲ, ಅಣ್ಣನ ಹೆಬ್ಬೆರಳನ್ನು ನೋಡಿದ. ತುಂಬಾ ಹೊತ್ತು ನೋಡಿದ. “ಆಯ್ತು ಅಣ್ಣ. ನಾಳೆ ಇನ್ನೂ ಮೇಲೆ ಹೋಗ್ತೇನೆ. ಅಲ್ಲಿಯದ್ದು ಬೆಳ್ಳಗೆ ಇರ್ಬಹುದು” ಎಂದ.

ಮರುದಿನ ಬೆಳಿಗ್ಗೆ ಮೇಲಿನ ಕಾಡಿನಲ್ಲಿ ಅವನನ್ನು ಆನೆ ತುಳಿಯಿತು. ಹುಕ್ರಪ್ಪನನ್ನು ನಾಲ್ಕು ಜನ ಹೊತ್ತುಕೊಂಡು ಹೋಗಿ ತೋರಿಸಿದರು. ತಮ್ಮನ ಮುಖ ನೋಡುವ ಹಾಗಿರಲಿಲ್ಲ. ಪಕ್ಕದಲ್ಲಿ ಬುಟ್ಟಿ ಅಪ್ಪಚ್ಚಿಯಾಗಿ ಬಿದ್ದಿತ್ತು. ಅದರಲ್ಲಿದ್ದ ಅಣಬೆಗಳೆಲ್ಲ ಒಡೆದಿದ್ದವು. ಒಳಗೆಲ್ಲ ಬಿಳಿ.

“ನೆಕ್ಸ್ಟ್ ಯಾರು? ಬನ್ನಿ, ಬೇಗ! ಹನೀಫಾ ಹೊರಡ್ಬೇಕು” ಎಂದು ಶೀನಪ್ಪ ಕೂಗಿದ.

“ನಂಗೇನು ಅವಸರ ಇಲ್ಲ ಶೀನಪ್ಪಣ್ಣ” ಎಂದ ಹನೀಫಾ ರಿಕ್ಷಾದ ಒಳಗಿನಿಂದ. “ನಿಮ್ಮ ಕೆಮ್ಮು ಮಾತ್ರ ಸರಿ ಇಲ್ಲ. ಅಣಬೆ ಬಂದ ಕೂಡಲೇ ಶುರುವಾಗ್ತದೆ. ಒಮ್ಮೆ ಡಾಕ್ಟ್ರಿಗೆ ತೋರಿಸಿ.”

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. “ನೀನು ನಿನ್ನ ಗಾಡಿ ನೋಡಿಕೊ” ಎಂದು ಶೀನಪ್ಪ ಗುರುಗುಟ್ಟಿದ.

ಮುಂದೆ ಬಂದವಳು ಕುಸುಮ, ನೋಣಯ್ಯನ ಹೆಂಡತಿ. ಗಂಡ ಸತ್ತ ಮೇಲೆ ಈ ಅಂಗಡಿಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬುಟ್ಟಿಯನ್ನು ಭಾವನ ಮುಂದೆ ಇಳಿಸಿ ಕುಕ್ಕರಗಾಲಲ್ಲಿ ಕುಳಿತಳು. ಅವಳ ಹತ್ತೂ ಬೆರಳುಗಳ ತುದಿ ಮಣ್ಣು ಕೆದಕಿ ಕೆದಕಿ ಬಿರಿದಿದ್ದವು.

ಶೀನಪ್ಪ ಕೆಮ್ಮಿದ.

ಹುಕ್ರಪ್ಪ ಒಂದು ಅಣಬೆ ಎತ್ತಿಕೊಂಡ. ಅವನ ಕೈ ಗಾಳಿಯಲ್ಲೇ ನಿಂತಿತು.

“ಯಾವ ಕೈಯಲ್ಲಿ ಬೇಕಾದ್ರೂ ಒಡೆಯಿರಿ ಭಾವ” ಎಂದಳು ಕುಸುಮ, ಅವನಿಗೆ ಮಾತ್ರ ಕೇಳುವ ಹಾಗೆ. “ಅವರು ನಂಗೆ ಹೇಳಿದ್ರು. ಅಣ್ಣನ ಬಲಗೈ ಧನಿಯದ್ದು, ಎಡಗೈ ನಮ್ಮದು ಅಂತ. ಯಾರತ್ರವೂ ಹೇಳ್ಬೇಡ, ಅಣ್ಣನಿಗೆ ಕಾಲಿಲ್ಲ, ಬೇರೆ ದಾರಿ ಇಲ್ಲ ಅಂತ ಹೇಳಿದ್ರು. ನಾನು ಹೇಳ್ಲಿಲ್ಲ.”

ತಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಮೇಲಿನ ಕಾಡಿಗೆ ಹೋದ.

ಶೀನಪ್ಪ ಮತ್ತೆ ಕೆಮ್ಮಿದ, ಈ ಸಲ ಎರಡು ಬಾರಿ.

ಹುಕ್ರಪ್ಪ ಅಣಬೆಯನ್ನು ಎಡಗೈಗೆ ದಾಟಿಸಿ ಉಗುರು ಊರಿದ. ಕಟಕ್ ಎಂದಿತು.

“ಬಿಳಿ” ಎಂದ.

ಇನ್ನೊಂದು. “ಬಿಳಿ.”

ಮೂರನೆಯದು. “ಬಿಳಿ.” ದನಿ ಒಡೆದಿತ್ತು. ಆದರೂ ರಸ್ತೆಯವರೆಗೆ ಕೇಳುವ ಹಾಗಿತ್ತು.

“ಏಯ್, ಸರಿ ನೋಡಿ ಹೇಳು!”

“ಬಿಳಿ ಧನಿ.”

“ನಿನ್ನ ಅಪ್ಪನ ಮಂಡೆ ಬಿಳಿ! ಬಲಗೈಯಲ್ಲಿ ಒಡಿಯೋ ನಾಯಿ! ಬಲಗೈಯಲ್ಲಿ!”

ಬಾಯಿಂದ ಬಿದ್ದುಹೋಯಿತು. ಶೀನಪ್ಪನಿಗೇ ಅದು ಕೇಳಿಸಿ ಅವನ ಕೈ ಗಲ್ಲೆಯ ಮೇಲೆಯೇ ನಿಂತಿತು. ಬಾಗಿ ಅಜ್ಜಿ ಬಕೆಟಿನ ಹತ್ತಿರ ಹೋಗಿ ಬಗ್ಗಿ, ತನ್ನ ಬುಟ್ಟಿಯಿಂದ ಒಡೆದಿದ್ದ ಹೋಳೊಂದನ್ನು ಹೆಕ್ಕಿ ಸೆರಗಿನಲ್ಲಿ ಉಜ್ಜಿದಳು. ಸೆರಗು ಕಪ್ಪಾಯಿತು. ಹೋಳು ಬೆಳ್ಳಗಾಯಿತು.

“ಅಯ್ಯೋ ಮಗಾ” ಎಂದಳು. ಈಗ ಬೈಯಲಿಲ್ಲ. ಬೈದಿದ್ದರೆ ಹುಕ್ರಪ್ಪನಿಗೆ ಹಗುರವಾಗುತ್ತಿತ್ತು.

ಅವನು ಗೋಡೆ ಹಿಡಿದು ಎದ್ದ. ಕುಂಟುತ್ತಾ ಗಲ್ಲೆಯವರೆಗೆ ಹೋದ. ನಾಲ್ಕು ವರ್ಷದಲ್ಲಿ ಅಷ್ಟು ಒಳಗೆ ಅವನು ಕಾಲಿಟ್ಟದ್ದಿಲ್ಲ. ಎಲೆಅಡಿಕೆಯ ತಟ್ಟೆಯಲ್ಲಿದ್ದ ಅಡಕತ್ತರಿಯನ್ನು ಎತ್ತಿಕೊಂಡ. ಶೀನಪ್ಪ ಹೆದರಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

“ಹುಕ್ರಾ... ಹುಕ್ರಪ್ಪಾ, ಮಂಡೆ ಸಮ ಉಂಟಾ ನಿಂಗೆ?”

ಹುಕ್ರಪ್ಪ ಬಲಗೈಯ ಹೆಬ್ಬೆರಳನ್ನು ಅಡಕತ್ತರಿಯ ಬಾಯಿಗೆ ಕೊಟ್ಟು ಒತ್ತಿದ. ಉಗುರಿನ ಜೊತೆ ಸ್ವಲ್ಪ ಮಾಂಸವೂ ಬಂತು. ರಕ್ತ ಸುರಿಯಿತು. ಕತ್ತರಿಸಿದ ಉಗುರನ್ನು ಕರೆಂಟಿನ ತಕ್ಕಡಿಯ ತಟ್ಟೆಯ ಮೇಲೆ ಇಟ್ಟ.

“ಇದು ನಿಮ್ಮದು. ತೂಗಿ ನೋಡಿ.”

ತಕ್ಕಡಿಯ ಕೆಂಪು ಅಂಕೆ ಸೊನ್ನೆಯಲ್ಲೇ ನಿಂತಿತ್ತು.

ಅವನು ಮೆಟ್ಟಿಲಿಳಿದ. ಕುಸುಮ ಬುಟ್ಟಿ ಎತ್ತಿಕೊಂಡು ಹಿಂದೆ ಬಂದು ಸೆರಗು ಹರಿದು ಬೆರಳಿಗೆ ಸುತ್ತಲು ಹೋದಳು. ಅವನು ಕೈ ಕೊಡಲಿಲ್ಲ.

“ಹುಕ್ರಪ್ಪಣ್ಣ, ಹತ್ತಿ. ಎಲ್ಲಿಗೆ ಬೇಕಾದ್ರೂ ಬಿಡ್ತೇನೆ. ಇವತ್ತು ಇವನ ಲೋಡು ಬೇಡ ನಂಗೆ” ಎಂದ ಹನೀಫಾ.

“ನಾನು ಹೋಗುವಲ್ಲಿಗೆ ಗಾಡಿ ಹೋಗುದಿಲ್ಲ ಹನೀಫಾ.”

ಮಲೆಯ ದಾರಿ ಹಿಡಿದ. ಮಂಡಿಯನ್ನು ಕೈಯಿಂದ ಎತ್ತಿ ಎತ್ತಿ ಇಡುತ್ತಾ ತಿರುವಿನವರೆಗೂ ಹಿಂದೆ ನೋಡಲಿಲ್ಲ.

“ಹೋಗ್ಲಿ! ಹೊಟ್ಟೆ ಚುರುಗುಟ್ಟಿದ್ರೆ ನಾಳೆ ಬರ್ತಾನೆ, ಎಲ್ಲಿಗೆ ಹೋಗ್ತಾನೆ?” ಎಂದು ಶೀನಪ್ಪ ಯಾರಿಗೋ ಹೇಳಿದ. ಮರುದಿನ ಮಣೆಯನ್ನು ಅದರ ಜಾಗದಲ್ಲೇ ಇಡಿಸಿದ. ಪೇಪರ್ ಗ್ಲಾಸನ್ನೂ.

ಹುಕ್ರಪ್ಪ ಗುಡಿಸಲಿಗೂ ಹೋಗಿರಲಿಲ್ಲ. ಕುಸುಮ ಎರಡು ದಿನ ಕೂಗುತ್ತಾ ಹುಡುಕಿದಳು. ನೋಣಯ್ಯ ಸತ್ತ ಜಾಗದವರೆಗೆ ಕೆಸರಿನಲ್ಲಿ ಒಂದು ಕಾಲು ಎಳೆದ ಗುರುತಿತ್ತು. ಅಲ್ಲಿಂದ ಮುಂದೆ ಮಳೆ ಅಳಿಸಿತ್ತು.

ಮೂರನೆಯ ದಿನ ಬಾಗಿ ಅಜ್ಜಿ ಬುಟ್ಟಿ ಹೊತ್ತು ಬಂದಳು. ಖಾಲಿ ಮಣೆಯ ಮುಂದೆ ಇಳಿಸಿ, ತನ್ನದೇ ಉಗುರು ಹಾಕಿ ಒಂದನ್ನು ಒಡೆದು ಶೀನಪ್ಪನ ಮೂಗಿನ ಹತ್ತಿರ ಹಿಡಿದಳು.

“ಹೇಳಿ ಧನಿ. ಇದು ಎಂತ?”

ಶೀನಪ್ಪ ಅದನ್ನು ನೋಡಲಿಲ್ಲ. ಅವನು ರಸ್ತೆಯನ್ನು ನೋಡುತ್ತಿದ್ದ. ಮಲೆಯ ಕಡೆಯಿಂದ ಯಾರೂ ಬರುತ್ತಿರಲಿಲ್ಲ.