ಎರಡನೆಯ ತುದಿ

ಮಗ್ಗಕ್ಕೇರಿಸುವ ಹತ್ತಿ ನೂಲಿಗೆ ಗಂಜಿ ಹಚ್ಚಲು ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೂ ಕೂಲಿ ಕೇಳುತ್ತಿರಲಿಲ್ಲ. ಯಾರ ನೂಲೇ ಇರಲಿ, ಬೆಳಗ್ಗೆ ಎಂಟು ಮಂದಿ ಬಂದು ಬೀದಿಯುದ್ದಕ್ಕೂ ಎಳೆದು ಹಿಡಿದು, ಬಿಸಿಲೇರುವ ಮೊದಲೇ ಕುಂಚ ಆಡಿಸಿ ಮುಗಿಸುತ್ತಿದ್ದರು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಹೊತ್ತಿಗೆ ಎಲ್ಲರೂ ಕೃತಕ ರೇಷ್ಮೆಗೆ ಹೊರಳಿದೆವು; ಅದಕ್ಕೆ ಗಂಜಿ ಬೇಡ. ಹತ್ತಿ ಉಳಿದದ್ದು ಲಕ್ಕವ್ವನ ಮಗ್ಗದಲ್ಲಿ ಮಾತ್ರ.

ಆಕೆ ಗಂಜಿ ಹಚ್ಚಲು ಜನ ಕರೆಯಲು ಬಂದಾಗ ಓಣಿಯ ಹಿರಿಯ ಅಮೀನಪ್ಪ ಹೇಳಿದ: "ಹತ್ತಿ ಬ್ಯಾಡ ಅಂತ ಯಾರೂ ಅನ್ನಂಗಿಲ್ಲವ್ವ. ಆದ್ರ ಯಾರಿಗೆ ಬೇಕೋ ಅವರ ಮಾಡ್ಕೋಬೇಕು."

"ಎರಡೂ ತುದಿ ನಾ ಒಬ್ಬಾಕಿ ಹೆಂಗ ಹಿಡೀಲಿ ಅಣ್ಣಾ?"

ನಾನೂ ಎದ್ದು ನನ್ನ ಮಗ್ಗದ ಕಡೆ ನಡೆದೆ. ನನ್ನ ನೂಲನ್ನು ಆಕೆ ಹಿಡಿದದ್ದು ಎಷ್ಟು ಸಲವೋ!

ಮರುದಿನ ಆಕೆ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿ ಒಬ್ಬಳೇ ಹೆಣಗಿದಳು. ಅರ್ಧಕ್ಕೇ ಬಿಸಿಲೇರಿ ಗಂಜಿ ಒಣಗಿತು, ಎಳೆಗಳು ಅಂಟಿಕೊಂಡು ಪಟಪಟನೆ ಹರಿದವು. ನಾವು ಬಾಗಿಲಲ್ಲಿ ನಿಂತು ನೋಡಿದೆವು, ನಾಚಿಕೆಗೆಟ್ಟವರು.

ಬೇಸಿಗೆಯಲ್ಲಿ ಅಮೀನಪ್ಪನ ತಾಯಿಗೆ ಮೈತುಂಬ ಬೆವರುಗುಳ್ಳೆ ಎದ್ದವು. ಹತ್ತಿ ಸೀರೆಯೇ ಬೇಕೆಂದು ಮುದುಕಿ ಅತ್ತಳು. ಅಮೀನಪ್ಪ ನನ್ನನ್ನು ಕರೆದುಕೊಂಡು ಲಕ್ಕವ್ವನ ಮನೆಗೆ ಹೋದ.

ಮಗ್ಗ ಇರಲಿಲ್ಲ. ಕಾಲಿಳಿಸಿ ಕೂತು ನೇಯುತ್ತಿದ್ದ ಕುಣಿಗೆ ಮಣ್ಣು ತುಂಬಿ, ಸೆಗಣಿಯಿಂದ ಸಾರಿಸಿದ್ದಳು. ಅದರ ಮೇಲೆಯೇ ಚಾಪೆ ಹಾಸಿದಳು.

"ಕುಂದರ್ರಿ, ಅಣ್ಣಾ."