ರಾಣಿಯ ಕೆಂಪು ಗೌನು

ಊರಿನಿಂದ ಜೋವೆಲಿನ್ ಅಕ್ಕನ ತಮ್ಮ ರೂಡಿಯ ಫೋನು ಬಂದಾಗ ನಾನು ಮೇಲ್ಸೇತುವೆಯ ನೆರಳಲ್ಲಿ ರಟ್ಟು ಹಾಸಿಕೊಂಡು ಕೂತು ಬಿದಿರಿನ ಕಮಾನಿಗೆ ಕಾಗದದ ಹೂ ಕಟ್ಟುತ್ತಿದ್ದೆ.

"ನೆನೆಂಗ್, ಅಕ್ಕ ಅಲ್ಲೇ ಇದ್ದಾಳಾ?"

"ಇಲ್ಲ. ತಲೆ ಕಟ್ಟಿಸ್ಕೊಳ್ತಿದ್ದಾಳೆ."

"ಅಮ್ಮ ಹೋಗ್ಬಿಟ್ಳು ಕಣೇ. ಬೆಳಿಗ್ಗೆ ಕೋಳಿಗೆ ಕಾಳು ಹಾಕ್ತಾ ಇದ್ದೋಳು ಅಲ್ಲೇ ಕೂತ್ಳು, ಅಷ್ಟೆ." ಅವನ ಹಿಂದೆ ಯಾರೋ ಕುರ್ಚಿ ಎಳೆಯುತ್ತಿದ್ದರು. "ಅವಳಿಗೆ ಈಗ್ಲೇ ಹೇಳ್ಬೇಡ. ಮೆರವಣಿಗೆ ಮುಗೀಲಿ. ಅಮ್ಮ ಇದ್ದಿದ್ರೂ ಹಂಗೇ ಅಂತಿದ್ಳು."

ಆ ಕುರ್ಚಿಗಳು ಯಾತಕ್ಕೆ ಬಂದವೆಂದು ನನಗೆ ಗೊತ್ತಿತ್ತು. ಮಗಳು ಹಾಂಗ್‌ಕಾಂಗ್‌ನ ಬೀದಿಯಲ್ಲಿ ರಾಣಿಯಾಗಿ ನಡೆಯುವುದನ್ನು ಫೋನಿನಲ್ಲಿ ನೋಡಲು ಆ ತಾಯಿ ಇಡೀ ಕೇರಿಯನ್ನು ಕರೆದಿದ್ದಳು. ಈಗ ಅದೇ ಕುರ್ಚಿಗಳನ್ನು ಹೆಣದ ಸುತ್ತ ಹಾಕುತ್ತಿದ್ದರು.

ಜೋವೆಲಿನ್ ಅಕ್ಕ ನನ್ನೂರಿನವಳು. ಫಿಲಿಪ್ಪೀನ್ಸ್‌ನಲ್ಲಿ ನಮ್ಮದು ಒಂದೇ ಕೇರಿ. ಇಲ್ಲಿ ನಾನು ಕೆಲಸ ಮಾಡುವ ಮನೆಯ ಕೆಳಗಿನ ಮಹಡಿಯಲ್ಲಿ ಅವಳು ಒಂದು ಮಗು ನೋಡಿಕೊಳ್ಳುತ್ತಾಳೆ. ವಯಸ್ಸಿಗೆ ಅವಳು ದೊಡ್ಡವಳು, ಹಾಂಗ್‌ಕಾಂಗ್‌ಗೆ ನಾನು ಹಳಬಳು. ಭಾನುವಾರ ನಮಗೆ ರಜೆ, ಮನೆಕೆಲಸದವರೆಲ್ಲ ಬೀದಿಯಲ್ಲಿ ರಟ್ಟು ಹಾಸಿ ಕೂರುತ್ತೇವೆ. ಹೊಸದಾಗಿ ಬಂದವರು ಮೊದಮೊದಲ ಭಾನುವಾರಗಳಲ್ಲಿ ರಟ್ಟಿನ ಮೇಲೆ ಮಗ್ಗುಲಾಗಿ ಮಲಗಿ ಅಳುತ್ತಾರೆ. ನಾನೂ ಅತ್ತವಳೇ. ಅವಳು ಮಾತ್ರ ಬಂದ ವಾರವೇ ಚರ್ಚಿನ ಹಾಡಿನ ಗುಂಪಿಗೆ ಸೇರಿದಳು, ಬ್ಯಾಂಕಿನ ಗಾಜನ್ನು ಕನ್ನಡಿ ಮಾಡಿಕೊಂಡು ಹುಡುಗಿಯರ ಜೊತೆ ಕುಣಿದಳು, ಪುಕ್ಕಟೆ ಒಳಗೆ ಬಿಡುವ ಚಿತ್ರಶಾಲೆಗಳಿಗೆಲ್ಲ ನನ್ನನ್ನು ಎಳೆದುಕೊಂಡು ಹೋದಳು. "ಅಳೋಕೆ ವಾರದಲ್ಲಿ ಆರು ದಿನ ಇದೆ. ಭಾನುವಾರ ಯಾಕೇ ಹಾಳು ಮಾಡ್ತೀಯಾ?" ಎನ್ನುತ್ತಿದ್ದಳು.

ಮೇ ತಿಂಗಳ ಶಿಲುಬೆಯ ಮೆರವಣಿಗೆಯಲ್ಲಿ ಹುಡುಗಿಯರು ರಾಣಿಯರಾಗಿ ಹೂವಿನ ಕಮಾನುಗಳ ಕೆಳಗೆ ನಡೆಯುತ್ತಾರೆ. ಇಲ್ಲಿ ಅದನ್ನು ನಡೆಸುವ ಕೋರಿಂಗ್ ಚಿಕ್ಕಮ್ಮ ಅವಳನ್ನೇ, ಶಿಲುಬೆ ಹುಡುಕಿ ತೆಗೆದ ಎಲೇನಾ ರಾಣಿಯಾಗಿ, ಆರಿಸಿದಳು. ಊರಿನಲ್ಲಿ ಅವಳ ತಾಯಿ ವರ್ಷವರ್ಷವೂ ಬೇರೆ ಹುಡುಗಿಯರ ಗೌನಿನ ಅಂಚು ಹೊಲಿದುಕೊಟ್ಟು, ಮೇಣದಬತ್ತಿ ಹಿಡಿದು ಹಿಂದಿನಿಂದ ನಡೆದವಳು. ಆ ಮನೆಯಿಂದ ಯಾರೂ ಕಮಾನಿನ ಕೆಳಗೆ ನಡೆದಿರಲಿಲ್ಲ.

ಗೌನು ಕೆಂಪಗಿತ್ತು.

ಮನೆಯಲ್ಲಿ ಹೆಣವಿರುವಾಗ ನಮ್ಮಲ್ಲಿ ಕೆಂಪು ಉಡುವುದಿಲ್ಲ. ಉಟ್ಟರೆ ಸತ್ತವರ ಆತ್ಮ ನೋಯುತ್ತದೆ, ಅದರ ಹಿಂದೆಯೇ ಇನ್ನೊಂದು ಸಾವು ಬರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗೊತ್ತಿರುವುದೆಲ್ಲ ಅಜ್ಜಿ ಹೇಳಿದ್ದೇ. ನಾನು ಮೆರವಣಿಗೆಯ ಬಟ್ಟೆಗಳ ಪೆಟ್ಟಿಗೆಯಲ್ಲಿ ಹುಡುಕಿ ನೀಲಿ ಗೌನೊಂದನ್ನು ತೆಗೆದುಕೊಂಡು ಅಕ್ಕನ ಬಳಿ ಹೋದೆ.

"ಅಕ್ಕಾ, ಇದು ಹಾಕ್ಕೋ. ನಿಂಗೆ ಒಪ್ಪುತ್ತೆ."

ಅವಳ ಬಾಯಿ ತುಂಬಾ ಕೂದಲಿನ ಪಿನ್ನುಗಳಿದ್ದವು. ಉಗುಳಿ ನಕ್ಕಳು. "ಏನು ಪುಟ್ಟಿ, ಕೆಂಪು ನಿಂಗೆ ಬೇಕಾ? ಬಾಯ್ಬಿಟ್ಟು ಕೇಳು ಮತ್ತೆ."

"ಅಯ್ಯೋ, ಕೆಂಪುಟ್ರೆ ನೆನೆಂಗ್ ಟೊಮೆಟೊ ಥರ ಕಾಣ್ತಾಳೆ," ಎಂದಳು ಕೋರಿಂಗ್ ಚಿಕ್ಕಮ್ಮ. "ನೀಲೀಲಿ ಎಲೇನಾನ ಯಾರಾದ್ರೂ ನೋಡಿದೀರಾ? ಹೋಗೇ, ಹೂ ಕಟ್ಟು."

ಎಲ್ಲರೂ ನಕ್ಕರು. ಹತ್ತು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಬಂದಿದ್ದರೂ ಯಾವ ಮಾತು ಆಡಬೇಕಿತ್ತು? ನೀಲಿ ಗೌನನ್ನು ಮಡಿಸಿ ಒಳಗಿಟ್ಟೆ.

ಕಿರೀಟ ಇಟ್ಟ ಮೇಲೆ ಅವಳು ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು. "ಅಮ್ಮಂಗೆ ಹಚ್ಚು. ನಾನು ನಡೀವಾಗ ಪೂರ್ತಿ ಕಾಣೋ ಹಂಗೆ ಹಿಡಿ. ಗೌನಿನ ಅಂಚು ಮರೀಬೇಡ, ಅವಳು ಮೊದ್ಲು ನೋಡೋದೇ ಅದು."

ವಾದ್ಯ ಶುರುವಾಯಿತು. ಭಾನುವಾರ ಗಾಡಿ ಬಿಡದ ಆ ರಸ್ತೆಯಲ್ಲಿ ಒಬ್ಬೊಬ್ಬಳೇ ರಾಣಿ ಹೊರಟಳು. ಕಟ್ಟಕಡೆಗೆ ಪುಟ್ಟ ಶಿಲುಬೆ ಎತ್ತಿ ಹಿಡಿದು ಜೋವೆಲಿನ್ ಅಕ್ಕ ಬಂದಳು. ಅಂಗಡಿಗೆ ಬಂದವರು ನಿಂತು ನೋಡಿದರು. ಆರು ದಿನ ಬೇರೆಯವರ ಮಗುವಿನ ಅಂಡು ತೊಳೆಯುವವಳು ಹೀಗೂ ನಡೆಯಬಲ್ಲಳೆಂದು ನಾನು ತಿಳಿದಿರಲಿಲ್ಲ. ನಾನು ಯಾರಿಗೂ ಹಚ್ಚದ ಫೋನನ್ನು ಅವಳತ್ತ ಹಿಡಿದು ಹಿಂದೆ ಹಿಂದೆಯೇ ನಡೆದೆ.

"ನೋಡ್ತಿದ್ದಾಳಾ?" ಎಂದು ತುಟಿ ಅಲ್ಲಾಡಿಸಿ ಕೇಳಿದಳು.

ನಾನು ಹೌದೆಂದು ತಲೆಯಾಡಿಸಿದೆ.

"ಅಮ್ಮಾ, ಕಾಣ್ತಾ?" ಶಿಲುಬೆ ಹಿಡಿದ ಕೈ ಇಳಿಸದೆ ಇನ್ನೊಂದು ಕೈಯಿಂದ ಗೌನಿನ ಅಂಚನ್ನು ಚೂರು ಎತ್ತಿ ತೋರಿಸಿದಳು. ರಸ್ತೆ ಮುಗಿಯುವವರೆಗೂ ಅವಳು ಜನರನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಆ ಫೋನನ್ನೇ ನೋಡುತ್ತ ನಕ್ಕಳು.

ಕೊನೆಯಲ್ಲಿ ಶಿಲುಬೆ ಇಳಿಸಿದವಳೇ ಓಡಿಬಂದು ಫೋನು ಕಿತ್ತುಕೊಂಡಳು. "ಅಮ್ಮಾ, ಹೆಂಗಿತ್ತೇ—"

ಪರದೆ ಕಪ್ಪಗಿತ್ತು. ಒತ್ತಿ ನೋಡಿದಳು. ಅಮ್ಮನಿಗೆ ಕರೆ ಹೋಗೇ ಇರಲಿಲ್ಲ. ತಲೆಯೆತ್ತಿ ನನ್ನ ಮುಖ ನೋಡಿದಳು. ಆಮೇಲೆ ತಾನು ಉಟ್ಟಿದ್ದನ್ನು ನೋಡಿಕೊಂಡಳು.

"ನೆನೆಂಗ್. ನೀಲಿ ಯಾಕೆ ಹಾಕ್ಕೋ ಅಂದೆ?"

ನಾನು ಅವಳ ಮೊಣಕೈ ಹಿಡಿದುಕೊಂಡೆ.

"ನಮ್ಮನೇಲಿ ಯಾರೇ?" ಎಂದಳು. ನಂತರ ತಾನೇ, ತುಂಬ ಸಣ್ಣಗೆ, "ಅಮ್ಮ," ಎಂದಳು.

ಬೆನ್ನ ಹಿಂದೆ ಕೈ ಹಾಕಿ ಹುಕ್ಕುಗಳನ್ನು ಎಳೆಯತೊಡಗಿದಳು. ಬರಲಿಲ್ಲ. ಬಟ್ಟೆ ಚರ್ರೆಂದಿತು. "ತೆಗೀರಿ ಇದನ್ನ! ತೆಗೀರೋ ಯಾರಾದ್ರೂ!" ಕೋರಿಂಗ್ ಚಿಕ್ಕಮ್ಮನಿಗೆ ಉಳಿದವರೆಲ್ಲರಿಗಿಂತ ಮೊದಲು ತಿಳಿಯಿತು. "ರಟ್ಟು ತನ್ರೇ," ಎಂದು ಕೂಗಿದಳು. ಬೆಳಗಿನಿಂದ ಕೂತಿದ್ದ ರಟ್ಟುಗಳನ್ನು ಹೆಂಗಸರು ಎತ್ತಿ ಸುತ್ತ ಗೋಡೆ ಕಟ್ಟಿ ನಿಂತರು. ಒಳಗೆ ನಾನೂ ಚಿಕ್ಕಮ್ಮನೂ ಅವಳನ್ನು ಆ ಕೆಂಪಿನಿಂದ ಬಿಡಿಸಿದೆವು. ಹೊರಗೆ ವಾದ್ಯದವರು ಇನ್ನೂ ಬಾರಿಸುತ್ತಲೇ ಇದ್ದರು.

ಅವಳು ಒಳಲಂಗದಲ್ಲಿ ನಿಂತಿದ್ದಳು. ಕಿರೀಟ ಇನ್ನೂ ತಲೆಯ ಮೇಲಿತ್ತು, ತೆಗೆಯಲು ಯಾರಿಗೂ ನೆನಪಾಗಲಿಲ್ಲ.

"ಮಣ್ಣಿಗಾದ್ರೂ ಹೋಗ್ತೀನಿ ಚಿಕ್ಕಮ್ಮ."

ಚಿಕ್ಕಮ್ಮ ಗೌನನ್ನು ಮಡಿಸತೊಡಗಿದಳು. ಬಂದು ಮೂರು ತಿಂಗಳಾಗದವಳು ರಜೆ ಕೇಳಿದರೆ ಅವಳ ಜಾಗಕ್ಕೆ ಬೇರೆಯವಳು ಬರುತ್ತಾಳೆ. ರಟ್ಟು ಹಿಡಿದು ನಿಂತ ಪ್ರತಿಯೊಬ್ಬಳಿಗೂ ಅದು ಗೊತ್ತಿತ್ತು. ಅವಳಿಗೂ.

"ಅವಳು ನೋಡ್ಲೇ ಇಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದಳು.

"ಇಲ್ಲ ಅಕ್ಕ."

"ಮತ್ತೆ ನಾನು ಯಾರಿಗೆ ತೋರಿಸ್ದೆ?"

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಮನೆಯೊಡತಿ. ಮಗು ಊಟ ಮಾಡುತ್ತಿಲ್ಲವಂತೆ, ಬೇಗ ಬರಬೇಕಂತೆ. ಅವಳು ಅಂಗೈಯಿಂದ ಮುಖ ಒರೆಸಿಕೊಂಡು, ಆ ಕಿರೀಟದಲ್ಲೇ, "ಬಂದೆ ಮೇಡಂ," ಎಂದಳು.